ರಾಸಾಯನಿಕ ಕಳೆನಾಶಕಗಳಿಲ್ಲದೆ ಕೈತೋಟ ಹಾಗೂ ತೋಟಗಳಲ್ಲಿ ಕಳೆ ನಿರ್ವಹಣೆ

ತೋಟಗಾರಿಕೆ ಬೆಳೆಗಳ ಬೇಸಾಯದಲ್ಲಿ ಕಳೆ ನಿರ್ವಹಣೆಯು ಅತ್ಯಂತ ಶ್ರಮದಾಯಕ ಕಾರ್ಯವಾಗಿರುತ್ತದೆ. ಕಳೆಗಳು ಬೆಳೆಗೆ ಸೇರಬೇಕಾದ ನೀರು, ಪೋಷಕಾಂಶ ಹಾಗೂ ಬೆಳಕನ್ನು ಕಸಿದುಕೊಳ್ಳುವುದಲ್ಲದೆ, ಹಲವು ಕೀಟ ಮತ್ತು ರೋಗಗಳಿಗೆ ಆಸರೆಯನ್ನೂ ಒದಗಿಸುತ್ತವೆ. ಕೂಲಿ ಆಳುಗಳ ಕೊರತೆಯಿಂದಾಗಿ ಕಳೆನಾಶಕಗಳ ಬಳಕೆ ಹೊಲಗಳಿಂದ ತೋಟಗಳಿಗೆ, ತೋಟಗಳಿಂದ ಮನೆಯ ಅಂಗಳಕ್ಕೂ ಬಂದು ತಲುಪಿದೆ. ಸೊಪ್ಪು ತರಕಾರಿ ಬೆಳೆಯುವ ಮಡಿಯಿಂದ ನಾಲ್ಕಾರು ಅಡಿ ದೂರದಲ್ಲಿಯೇ ಕಳೆನಾಶಕ ಸಿಂಪಡಿಸುವ ಪರಿಪಾಠ ಅನೇಕ ಕಡೆ ಕಂಡುಬರುತ್ತಿದೆ. ಅವುಗಳನ್ನು ಬಳಸದೆಯೂ ಕಳೆಗಳನ್ನು ಹತೋಟಿಯಲ್ಲಿಡುವ ವಿಧಾನಗಳನ್ನು ಹಾಗೂ ಈ ಸಂಬಂಧ ಸೌಲಭ್ಯ ಪಡೆಯಲು ಅನುಸರಿಸಬೇಕಾದ ಕ್ರಮವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಕಳೆನಾಶಕಗಳ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

1968ರ ಕೀಟನಾಶಕ ಕಾಯ್ದೆಯ ಅರ್ಥದಲ್ಲಿ ಕಳೆನಾಶಕವೂ ಕೀಟನಾಶಕವೇ ಆಗಿರುತ್ತದೆ. ಡಬ್ಬಿಯ ಮೇಲಿನ ಚೀಟಿಯಲ್ಲಿ ಯಾವ ಬೆಳೆಗೆ, ಯಾವ ಸ್ಥಳಕ್ಕೆ ಎಂದು ನಮೂದಿಸಲಾಗಿದೆಯೋ ಅಲ್ಲಿಗೆ ಮಾತ್ರ ಅದರ ಬಳಕೆಗೆ ಅನುಮತಿ ಇರುತ್ತದೆ. ಹೆಚ್ಚು ಮಾರಾಟವಾಗುವ ಗ್ಲೈಫೋಸೇಟ್ ನಮ್ಮ ದೇಶದಲ್ಲಿ ಅನುಮೋದನೆ ಪಡೆದದ್ದು ಚಹಾ ತೋಟಗಳಿಗೆ ಮತ್ತು ಬೆಳೆಯಿಲ್ಲದ ಜಾಗಗಳಿಗೆ. ಕೈತೋಟದ ತರಕಾರಿ ಮಡಿಗಳಿಗೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಇದನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ಉಂಟುಮಾಡಬಲ್ಲ ವಸ್ತುಗಳ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಸೇರಿದಂತೆ ಕೆಲವು ನಿಯಂತ್ರಣ ಸಂಸ್ಥೆಗಳು ಈ ಅಭಿಪ್ರಾಯವನ್ನು ಒಪ್ಪಿಲ್ಲ. 2022ರ ಅಕ್ಟೋಬರ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಗ್ಲೈಫೋಸೇಟನ್ನು ಪರವಾನಗಿ ಹೊಂದಿದ ಪೀಡೆ ನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಬೇರಾರೂ ಬಳಸತಕ್ಕದ್ದಲ್ಲ ಎಂಬ ಅಧಿಸೂಚನೆಯನ್ನು ಹೊರಡಿಸಿತು. ತಜ್ಞರ ಭಿನ್ನಾಭಿಪ್ರಾಯ ಏನೇ ಇರಲಿ, ಮಕ್ಕಳು ಆಡುವ, ಸೊಪ್ಪು ಕೊಯ್ಯುವ, ಬಾವಿ ಇರುವ ಅಂಗಳಕ್ಕೆ ಇಂತಹ ವಸ್ತುವನ್ನು ತರಬೇಕಾದ ಅಗತ್ಯವೇ ಇರುವುದಿಲ್ಲ.

ಬೆಳೆಗೆ ಆಗುವ ಹಾನಿ ಇನ್ನಷ್ಟು ಪ್ರತ್ಯಕ್ಷವಾದುದು. ಗ್ಲೈಫೋಸೇಟ್ ಹಸಿರು ಭಾಗದ ಮೂಲಕ ಒಳಸೇರಿ ಬೇರಿನವರೆಗೂ ಹರಡುವುದರಿಂದ, ಗಾಳಿಯಲ್ಲಿ ತೇಲಿಬಂದ ಹನಿಗಳು ಬಾಳೆಯ ಕಂದು, ಪರಂಗಿ ಹಾಗೂ ಎಳೆಯ ಅಡಿಕೆ ಸಸಿಗಳಿಗೆ ತಗುಲಿದರೆ ಗಿಡ ಕುಂಠಿತವಾಗುತ್ತದೆ ಅಥವಾ ಸಾಯುತ್ತದೆ. 2,4-ಡಿ ಎಂಬ ಕಳೆನಾಶಕದ ಅಲ್ಪಾಂಶಕ್ಕೂ ಟೊಮೇಟೊ, ದ್ರಾಕ್ಷಿ ಮತ್ತು ಹತ್ತಿ ಬಲಿಯಾಗುತ್ತವೆ. ಎಲೆಗಳು ಕಿರಿದಾಗಿ, ಮುರುಟಿಕೊಂಡು, ನಂಜುರೋಗ ತಗುಲಿದಂತೆ ಕಾಣುತ್ತವೆ. ಕಳೆನಾಶಕ ಸಿಂಪಡಿಸಿದ ಪಂಪನ್ನೇ ಬೇರೆ ಔಷಧಿಗೆ ಬಳಸಿದಾಗಲೂ ಇದೇ ಗತಿ. ರೋಗವೆಂದು ಭಾವಿಸಿ ಮತ್ತೊಂದು ಔಷಧಿಗೆ ಹಣ ವ್ಯಯಿಸಿದವರ ಸಂಖ್ಯೆ ಕಡಿಮೆಯೇನಲ್ಲ.

ಮನೆಯಲ್ಲಿ ಉಳಿದ ಕಳೆನಾಶಕವನ್ನು ತಂಪು ಪಾನೀಯದ ಬಾಟಲಿಗಳಲ್ಲಿ ತುಂಬಿಸಿಡುವುದು ಪ್ರಾಣಾಪಾಯಕಾರಿ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ನಿರ್ದಿಷ್ಟ ಪ್ರತ್ಯೌಷಧ ಇರುವುದಿಲ್ಲ. ಒಂದು ಗುಟುಕು ಹೊಟ್ಟೆ ಸೇರಿದರೂ ಸಾವು ಸಂಭವಿಸಬಹುದು. ಅಂತಹ ಸಂದರ್ಭದಲ್ಲಿ ಕ್ಷಣವೂ ತಡಮಾಡದೆ, ಡಬ್ಬಿಯನ್ನು ಜೊತೆಯಲ್ಲಿ ತೆಗೆದುಕೊಂಡು ಆಸ್ಪತ್ರೆಗೆ ಧಾವಿಸತಕ್ಕದ್ದು. ಆರಂಭದಲ್ಲಿ ರೋಗಿಯು ಚೇತರಿಸಿಕೊಂಡಂತೆ ಕಂಡರೂ ದಿನಗಳ ನಂತರ ಶ್ವಾಸಕೋಶ ಕೆಡುವ ಸಾಧ್ಯತೆ ಇರುವುದರಿಂದ ಮನೆಯಲ್ಲಿಯೇ ಕಾದು ನೋಡುವುದು ಸಲ್ಲದು.

ಕಳೆಯನ್ನು ಅರಿಯುವುದು

ಯಾವ ಕಳೆಯನ್ನು ಹೇಗೆ ತೆಗೆಯಬೇಕೆಂಬುದು ಅದು ಹೇಗೆ ವೃದ್ಧಿಯಾಗುತ್ತದೆ ಎಂಬುದನ್ನು ಅವಲಂಬಿಸಿರುತ್ತದೆ. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಪಾರ್ಥೇನಿಯಂ ಮೊದಲಾದವು ಬೀಜದಿಂದ ಹರಡುತ್ತವೆ. ಇವು ಹೂ ಬಿಡುವ ಮುನ್ನ ಬುಡ ಕತ್ತರಿಸಿದರೆ ಅಲ್ಲಿಗೆ ಮುಗಿಯಿತು. ಗರಿಕೆ ಮತ್ತು ಜೇಕು ಹಾಗಲ್ಲ. ಗರಿಕೆಯ ಕಾಂಡದ ಪ್ರತಿಯೊಂದು ಗಿಣ್ಣೂ ಹೊಸ ಗಿಡವಾಗಬಲ್ಲದು. ಜೇಕು ನೆಲದೊಳಗಿನ ಗಡ್ಡೆಗಳ ಸರಪಳಿಯಿಂದ ಬೆಳೆಯುತ್ತದೆ. ಇಂತಹ ಕಳೆಗಳಿರುವ ಜಾಗದಲ್ಲಿ ಮಣ್ಣು ಕೊಚ್ಚುವ ಯಂತ್ರವನ್ನು ಓಡಿಸಿ ಅಷ್ಟಕ್ಕೇ ಬಿಟ್ಟರೆ ತುಂಡುಗಳೆಲ್ಲವೂ ಚಿಗುರಿ, ಒಂದಿದ್ದುದು ಹತ್ತಾಗುತ್ತದೆ.

ಮಣ್ಣಿನಲ್ಲಿ ಕಳೆ ಬೀಜಗಳ ದಾಸ್ತಾನು ಸದಾ ಇರುತ್ತದೆ. ಸಣ್ಣ ಬೀಜಗಳಲ್ಲಿ ಅನೇಕವು ಬೆಳಕು ತಗುಲಿದಾಗಲೇ ಮೊಳೆಯುವುದರಿಂದ, ಆಳವಾಗಿ ಅಗೆದಷ್ಟೂ ಕೆಳಗಿದ್ದ ಬೀಜ ಮೇಲೆ ಬಂದು ಹೊಸ ಕಳೆ ಹುಟ್ಟುತ್ತದೆ. ಆದುದರಿಂದ ಬೆಳೆ ನಿಂತಿರುವಾಗ ಎರಡು ಮೂರು ಸೆಂಟಿಮೀಟರ್‌ಗಿಂತ ಆಳವಾಗಿ ಕೆದಕದಿರುವುದು ಸೂಕ್ತ. ಕಳಿಯದ ಕೊಟ್ಟಿಗೆ ಗೊಬ್ಬರದ ಮೂಲಕವೂ ಬೀಜಗಳು ಹೇರಳವಾಗಿ ಬರುತ್ತವೆ. ರಾಶಿಯೊಳಗಿನ ಉಷ್ಣತೆಯು 55ರಿಂದ 60 ಡಿಗ್ರಿ ಸೆಲ್ಸಿಯಸ್ ತಲುಪಿ, ಮಗುಚಿ ಹಾಕಿ ಪೂರ್ಣವಾಗಿ ಕಳಿತ ಗೊಬ್ಬರದಲ್ಲಿ ಹೆಚ್ಚಿನ ಬೀಜಗಳು ಸತ್ತಿರುತ್ತವೆ. ಹಸಿ ಸಗಣಿಯನ್ನು ನೇರವಾಗಿ ಮಡಿಗೆ ಹಾಕುವುದೆಂದರೆ ಕಳೆಯನ್ನು ಕೈಯಾರೆ ಬಿತ್ತಿದಂತೆ.

ಕಾಲ ಮತ್ತು ಹದ

ಬೆಳೆಯ ಜೀವಿತಾವಧಿಯುದ್ದಕ್ಕೂ ಕಳೆ ತೆಗೆಯುತ್ತಲೇ ಇರಬೇಕೆಂಬ ನಿಯಮವಿಲ್ಲ. ಹೆಚ್ಚಿನ ತರಕಾರಿಗಳಲ್ಲಿ ನಾಟಿಯಾದ ನಂತರದ ನಾಲ್ಕರಿಂದ ಆರು ವಾರಗಳು ನಿರ್ಣಾಯಕ. ಆ ಅವಧಿಯಲ್ಲಿ ಮಡಿಯನ್ನು ಸ್ವಚ್ಛವಾಗಿ ಇಟ್ಟುಕೊಂಡರೆ, ಬದನೆ, ಟೊಮೇಟೊ, ಕುಂಬಳ ಮುಂತಾದವು ತಮ್ಮ ನೆರಳಿನಿಂದಲೇ ನಂತರದ ಕಳೆಗಳನ್ನು ಅಡಗಿಸುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಮತ್ತು ಕ್ಯಾರೆಟ್ ಇದಕ್ಕೆ ಅಪವಾದ. ಇವು ನಿಧಾನವಾಗಿ ಬೆಳೆಯುತ್ತವೆ, ನೆಲಕ್ಕೆ ನೆರಳನ್ನೂ ಕೊಡುವುದಿಲ್ಲ. ಹೊಸದಾಗಿ ಕೈತೋಟ ಆರಂಭಿಸುವವರು ಕಳೆ ತುಂಬಿದ ನೆಲದಲ್ಲಿ ಮೊದಲ ಬೆಳೆಯಾಗಿ ಈರುಳ್ಳಿಯನ್ನು ಆರಿಸಿಕೊಂಡರೆ ನಿರಾಶೆಯೇ ಫಲ. ಕುಂಬಳ, ಗೆಣಸು ಅಥವಾ ಅಲಸಂದೆಯಿಂದ ಆರಂಭಿಸುವುದು ಒಳಿತು.

ಬಿತ್ತನೆಗೆ ಮುನ್ನ ಕಳೆಯನ್ನು ಮೊಳೆಯಿಸಿ ಕೊಲ್ಲುವ ವಿಧಾನವು ಖರ್ಚಿಲ್ಲದ್ದು ಮತ್ತು ಪರಿಣಾಮಕಾರಿಯಾದುದು. ಮಡಿಯನ್ನು ಸಿದ್ಧಪಡಿಸಿ, ಬೀಜ ಬಿತ್ತಿದವರಂತೆಯೇ ನೀರು ಕೊಟ್ಟು 10ರಿಂದ 14 ದಿನ ಕಾಯಬೇಕು. ಹಸಿರಾಗಿ ಎದ್ದ ಕಳೆ ಮೊಳಕೆಗಳನ್ನು ಬಿಸಿಲಿರುವ ದಿನ ಬೆಳಿಗ್ಗೆ ಗುದ್ದಲಿಯ ಅಲಗಿನಿಂದ ಮೇಲ್ಮೈಯಲ್ಲಿ ಹೆರೆದು ಬಿಟ್ಟರೆ ಸಂಜೆಯೊಳಗೆ ಒಣಗುತ್ತವೆ. ಆನಂತರ ಮಣ್ಣನ್ನು ಪುನಃ ಅಗೆಯದೆ ಬಿತ್ತನೆ ಮಾಡಬೇಕು. ಸಮಯವಿದ್ದಲ್ಲಿ ಇದನ್ನು ಎರಡು ಬಾರಿ ಮಾಡಬಹುದು.

ಮಳೆ ಬಂದು ನಿಂತ ಮಾರನೆಯ ದಿನ ಬೇರು ಸಹಿತ ಕೀಳಲು ಹದವಿರುತ್ತದೆ. ಒಣ ನೆಲದಲ್ಲಿ ಎಳೆದರೆ ಕಾಂಡ ಕೈಗೆ ಬಂದು ಬೇರು ಉಳಿಯುತ್ತದೆ. ಕಳೆ ತೆಗೆಯುವ ಕೆಲಸವನ್ನು ಬಹುಮಟ್ಟಿಗೆ ಮಹಿಳೆಯರೇ ನಿರ್ವಹಿಸುತ್ತಿದ್ದು, ದಿನವಿಡೀ ಬಗ್ಗಿ ಕುಳಿತು ಕುರ್ಚಿಗೆ ಹಿಡಿಯುವುದರಿಂದ ಸೊಂಟ ಹಾಗೂ ಮಂಡಿ ನೋವಿಗೆ ಒಳಗಾಗುತ್ತಾರೆ. ಕಳೆನಾಶಕ ಬೇಡವೆನ್ನುವವರು ಈ ಶ್ರಮವನ್ನು ಮರೆಯುವಂತಿಲ್ಲ. ನಿಂತು ಬಳಸಬಹುದಾದ ಉದ್ದ ಹಿಡಿಯ ಕಳೆಗುದ್ದಲಿ ಹಾಗೂ ಸಾಲುಗಳ ನಡುವೆ ತಳ್ಳುವ ಚಕ್ರದ ಎಡೆಕುಂಟೆಗಳನ್ನು ಬಳಸಿದಲ್ಲಿ ಶ್ರಮ ಹಾಗೂ ಸಮಯ ಎರಡೂ ಉಳಿಯುತ್ತವೆ. ಇದಕ್ಕಾಗಿ ಬೀಜವನ್ನು ಎರಚದೆ ಸಾಲಿನಲ್ಲಿ ಬಿತ್ತುವುದು ಅವಶ್ಯ. ಹನಿ ನೀರಾವರಿ ಇರುವಲ್ಲಿ ಸಾಲುಗಳ ನಡುವಣ ನೆಲ ಒಣಗಿರುವುದರಿಂದ ಬೇಸಿಗೆಯಲ್ಲಿ ಕಳೆಯೂ ಕಡಿಮೆ.

ಹೊದಿಕೆ

ಬರಿ ನೆಲ ಕಾಣುವಂತೆ ಗುಡಿಸಿದ ತೋಟವೇ ಅಚ್ಚುಕಟ್ಟಾದ ತೋಟ ಎಂಬ ಭಾವನೆ ಬಹಳ ಜನರಲ್ಲಿದೆ. ಇದು ತಪ್ಪು ತಿಳಿವಳಿಕೆ. ಬರಿದಾದ ನೆಲದಲ್ಲಿ ಮೊದಲು ಹುಟ್ಟುವುದೇ ಕಳೆ. ಮಲೆನಾಡಿನ ಅಡಿಕೆ ಬೆಳೆಗಾರರು ಸೊಪ್ಪಿನ ಬೆಟ್ಟಗಳಿಂದ ಹಸಿರು ಸೊಪ್ಪು ಮತ್ತು ತರಗೆಲೆ ತಂದು ತೋಟಕ್ಕೆ ಹಾಸುವ ಪದ್ಧತಿಯನ್ನು ತಲೆಮಾರುಗಳಿಂದ ಅನುಸರಿಸಿಕೊಂಡು ಬಂದಿದ್ದಾರೆ. ಗೊಬ್ಬರ, ತೇವಾಂಶ ರಕ್ಷಣೆ ಮತ್ತು ಕಳೆ ತಡೆ ಈ ಮೂರೂ ಅದರಿಂದ ಒಟ್ಟಿಗೆ ಸಾಧ್ಯವಾಗುತ್ತವೆ.

ಕೈತೋಟದಲ್ಲಿ ತರಗೆಲೆ, ಭತ್ತದ ಹುಲ್ಲು, ಕಬ್ಬಿನ ರವದಿ, ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆ ಇವುಗಳಲ್ಲಿ ಸಮೀಪದಲ್ಲಿ ದೊರೆಯುವುದನ್ನು ಬಳಸಬಹುದು. ಹೊದಿಕೆಯ ದಪ್ಪ 8ರಿಂದ 10 ಸೆಂಟಿಮೀಟರ್ ಇರತಕ್ಕದ್ದು. ಹಲವರು ಒಂದೆರಡು ಬೊಗಸೆ ಎಲೆ ಚೆಲ್ಲಿ, ಹೊದಿಕೆಯಿಂದ ಪ್ರಯೋಜನವಾಗಲಿಲ್ಲವೆಂದು ಕೈಬಿಡುತ್ತಾರೆ. ಒಂದು ಮೀಟರ್ ಅಗಲ, ಮೂರು ಮೀಟರ್ ಉದ್ದದ ಮಡಿಗೆ 10 ಸೆಂಟಿಮೀಟರ್ ದಪ್ಪ ಹಾಸಲು ಸುಮಾರು 300 ಲೀಟರ್ ಗಾತ್ರದ ತರಗು, ಅಂದರೆ ದೊಡ್ಡ ಗೋಣಿಚೀಲದಲ್ಲಿ ಸುಮಾರು ಮೂರು ಚೀಲ ಬೇಕಾಗುತ್ತದೆ. ಮಳೆಗೆ ಅದು ಕುಗ್ಗಿದಾಗ ಮತ್ತೆ ಸೇರಿಸಬೇಕು. ಗಿಡದ ಬುಡಕ್ಕೆ ತಾಗದಂತೆ ಅಂಗೈ ಅಗಲ ಜಾಗ ಬಿಡದಿದ್ದಲ್ಲಿ ಬುಡ ಕೊಳೆಯುವ ಸಂಭವವಿರುತ್ತದೆ. ನಗರಗಳಲ್ಲಿ ಬೀದಿ ಬದಿಯ ಮರಗಳ ಎಲೆಗಳನ್ನು ಗುಡಿಸಿ ಸುಡುವುದನ್ನು ಕಾಣುತ್ತೇವೆ. ಅದೇ ಎಲೆ ಚೀಲದಲ್ಲಿ ತುಂಬಿ ಕೈತೋಟಕ್ಕೆ ಬಂದರೆ ಹೊಗೆಯೂ ಇಲ್ಲ, ಕಳೆಯೂ ಇಲ್ಲ. ಹೊಸ ಮಡಿ ಮಾಡುವಲ್ಲಿ ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ, ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ ಅಂಚುಗಳು ಒಂದರ ಮೇಲೊಂದು ಬರುವಂತೆ ಹಾಸಿ, ನೆನೆಸಿ, ಮೇಲೆ ಗೊಬ್ಬರ ಮತ್ತು ತರಗು ಹಾಕಿದರೆ ಕೆಳಗಿನ ಹುಲ್ಲು ಬೆಳಕಿಲ್ಲದೆ ಸಾಯುತ್ತದೆ. ರಟ್ಟಿಗೆ ಅಂಟಿಸಿದ ಪ್ಲಾಸ್ಟಿಕ್ ಪಟ್ಟಿ ಹಾಗೂ ತಂತಿಗಳನ್ನು ಮೊದಲೇ ತೆಗೆದಿರಬೇಕು.

ವಾಣಿಜ್ಯ ತರಕಾರಿ ಬೇಸಾಯದಲ್ಲಿ 25ರಿಂದ 30 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹೊದಿಕೆ ರೂಢಿಯಲ್ಲಿದೆ. ಹಾಳೆಯು ಬೆಳಕನ್ನು ತಡೆಯುವುದರಿಂದ ಕೆಳಗಿನ ಕಳೆ ಏಳುವುದಿಲ್ಲ. ಬೆಳೆ ಮುಗಿದ ಕೂಡಲೇ ಹಾಳೆಯನ್ನು ಪೂರ್ತಿಯಾಗಿ ಸುತ್ತಿ ಹೊರತೆಗೆದು ಮರುಬಳಕೆಗೆ ನೀಡಬೇಕು. ಉಳುಮೆಯಲ್ಲಿ ಮಣ್ಣಿಗೆ ಸೇರಿದ ಚೂರುಗಳನ್ನು ಆಮೇಲೆ ಆರಿಸುವುದು ಅಸಾಧ್ಯ, ಸುಡುವುದಂತೂ ಕೂಡದು.

ಬಿಸಿಲಿನಿಂದ ಮಣ್ಣಿನ ಶುದ್ಧೀಕರಣ

ಮಾರ್ಚ್‌ನಿಂದ ಮೇ ವರೆಗಿನ ಬಿಸಿಲನ್ನು ಸಸಿಮಡಿಗಳ ಕಳೆ ನಿವಾರಣೆಗೆ ಬಳಸಬಹುದು. ಮಡಿಯನ್ನು ಸಮತಟ್ಟು ಮಾಡಿ, ಚೆನ್ನಾಗಿ ನೀರುಣಿಸಿ, ತೆಳುವಾದ ಪಾರದರ್ಶಕ ಪಾಲಿಥಿನ್ ಹಾಳೆಯನ್ನು ನೆಲಕ್ಕೆ ತಾಗುವಂತೆ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹುಗಿದು ನಾಲ್ಕರಿಂದ ಆರು ವಾರ ಬಿಡಬೇಕು. ಇಲ್ಲಿ ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯೇ ಮೇಲು. ಒಣ ಮಣ್ಣಿನಲ್ಲಿ ಇದು ಫಲಿಸದು. ಇಸ್ರೇಲಿನ ವಿಜ್ಞಾನಿಗಳು 1970ರ ದಶಕದಲ್ಲಿ ಪ್ರಚುರಪಡಿಸಿದ ಈ ವಿಧಾನದಿಂದ ವಾರ್ಷಿಕ ಕಳೆಗಳ ಬೀಜ ಮತ್ತು ಸಸಿ ಕೊಳೆಯುವ ರೋಗಾಣುಗಳು ಕಡಿಮೆಯಾಗುತ್ತವೆ. ಜೇಕಿಗೆ ಮಾತ್ರ ಇದು ಸಾಲದು.

ಜೇಕು

ಕೆಲವೆಡೆ ತುಂಗೆ, ಕೊನ್ನಾರಿ ಎಂದೂ ಕರೆಯಲ್ಪಡುವ ಜೇಕು ಕೈತೋಟದವರ ತಾಳ್ಮೆಯನ್ನು ಪರೀಕ್ಷಿಸುವ ಕಳೆ. ಇದರ ಚೂಪಾದ ಮೊಳಕೆಯು ಪ್ಲಾಸ್ಟಿಕ್ ಹಾಳೆಯನ್ನೂ ತೂರಿ ಬರುತ್ತದೆ. ಮೇಲಿನ ಗರಿಯನ್ನು ಕಿತ್ತರೆ ಗಡ್ಡೆಯಿಂದ ಮತ್ತೊಂದು ಗರಿ ಏಳುತ್ತದೆ. ಆದರೂ ಇದಕ್ಕೆ ಎರಡು ದೌರ್ಬಲ್ಯಗಳಿವೆ. ಒಂದನೆಯದು, ಗಡ್ಡೆಗಳು ಬಹುಪಾಲು ಮೇಲಿನ 15 ಸೆಂಟಿಮೀಟರ್ ಮಣ್ಣಿನಲ್ಲಿಯೇ ಇದ್ದು, ಬಿಸಿಲಿಗೆ ಒಣಗಿದರೆ ಸಾಯುತ್ತವೆ. ಏಪ್ರಿಲ್ ತಿಂಗಳಲ್ಲಿ ಆಳವಾಗಿ ಅಗೆದು ಹೆಂಟೆಗಳನ್ನು ಒಡೆಯದೆ ಬಿಸಿಲಿಗೆ ಬಿಟ್ಟು, ವಾರದ ನಂತರ ಮಗುಚಿ, ಕಂಡ ಗಡ್ಡೆಗಳನ್ನು ಆರಿಸಿ ತೆಗೆಯಬೇಕು. ನಡುವೆ ನೀರು ಬಿಟ್ಟರೆ ಮಾಡಿದ ಕೆಲಸ ವ್ಯರ್ಥವಾಗುತ್ತದೆ. ಎರಡನೆಯದು, ಜೇಕು ನೆರಳನ್ನು ಸಹಿಸುವುದಿಲ್ಲ. ಮಳೆ ಬಿದ್ದೊಡನೆ ಅಲಸಂದೆ ಅಥವಾ ಗೆಣಸನ್ನು ಒತ್ತಾಗಿ ಬೆಳೆದು, ನಡುವೆ ತಲೆಯೆತ್ತಿದ ಗರಿಗಳನ್ನು ಎರಡು ಮೂರು ವಾರಗಳಿಗೊಮ್ಮೆ ತಪ್ಪದೆ ಕಿತ್ತರೆ ಗಡ್ಡೆಯಲ್ಲಿನ ಆಹಾರ ಸಂಗ್ರಹ ಬರಿದಾಗುತ್ತದೆ. ಒಂದೇ ವರ್ಷದಲ್ಲಿ ನಿರ್ಮೂಲವಾಗುವುದೆಂಬ ಭರವಸೆಯನ್ನು ಯಾರೂ ನೀಡಲಾರರು. ಎರಡು ಮೂರು ವರ್ಷ ಬಿಡದೆ ಮಾಡಿದಲ್ಲಿ ಜೇಕು ತೊಂದರೆ ಕೊಡದ ಮಟ್ಟಕ್ಕೆ ಇಳಿಯುತ್ತದೆ.

ಪಾರ್ಥೇನಿಯಂ

ಕಾಂಗ್ರೆಸ್ ಕಳೆ ಎಂದು ಜನರು ಕರೆಯುವ ಪಾರ್ಥೇನಿಯಂ ಅಮೆರಿಕ ಖಂಡದ ಮೂಲದ ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಇದರ ಹರಡುವಿಕೆ ಗಮನಕ್ಕೆ ಬಂದಿತು. ಒಂದೇ ಗಿಡ ಹತ್ತು ಸಾವಿರಕ್ಕೂ ಮಿಗಿಲಾದ ಬೀಜಗಳನ್ನು ಕೊಡಬಲ್ಲದು. ಇದರ ಸಂಪರ್ಕದಿಂದ ಚರ್ಮದ ತುರಿಕೆ, ಪರಾಗದಿಂದ ಸೀನು ಹಾಗೂ ಉಬ್ಬಸ ಉಂಟಾಗುವುದರಿಂದ, ಅಲರ್ಜಿ ಇರುವವರು ಇದನ್ನು ಕೀಳುವ ಕೆಲಸಕ್ಕೆ ಹೋಗಬಾರದು. ಉಳಿದವರೂ ಕೈಗವಸು ಮತ್ತು ತುಂಬು ತೋಳಿನ ಅಂಗಿ ಧರಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಹೂ ಬಿಡುವ ಮುನ್ನವೇ ಬೇರು ಸಹಿತ ಕೀಳಬೇಕು. ಹೂವಿಲ್ಲದ ಗಿಡಗಳನ್ನು ಗೊಬ್ಬರದ ಗುಂಡಿಗೆ ಹಾಕಬಹುದು.

ಇದನ್ನು ತಿಂದು ಬದುಕುವ ಜೀರುಂಡೆಯೊಂದನ್ನು 1983ರಲ್ಲಿ ಮೆಕ್ಸಿಕೊ ದೇಶದಿಂದ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಜೈಗೊಗ್ರಾಮ ಎಂಬ ಈ ಕೀಟವು ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳನ್ನು ಹೊಂದಿದ್ದು, ಮಳೆಗಾಲದಲ್ಲಿ ಎಲೆಗಳನ್ನು ಬಲೆಯಂತೆ ತಿಂದುಹಾಕುತ್ತದೆ. ಬೇಸಿಗೆಯಲ್ಲಿ ಮಣ್ಣಿನೊಳಗೆ ಅಡಗಿರುತ್ತದೆ. 1990ರ ದಶಕದಲ್ಲಿ ಸೂರ್ಯಕಾಂತಿಯ ಎಲೆಗಳ ಮೇಲೂ ಇದು ಕಂಡುಬಂದಾಗ ರೈತರಲ್ಲಿ ಆತಂಕ ಮೂಡಿತ್ತು. ಪರಿಶೀಲನೆಯ ನಂತರ ಇದು ಸೂರ್ಯಕಾಂತಿಯ ಪೀಡೆಯಲ್ಲವೆಂದು ತೀರ್ಮಾನವಾಯಿತು. ಕೀಟಗಳಿರುವ ಜಾಗದಿಂದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹಿಡಿದು ಇಲ್ಲದ ಜಾಗಕ್ಕೆ ಬಿಡುವುದು ಸಾಧ್ಯ. ಆದರೆ ಕೀಟವೊಂದನ್ನೇ ನೆಚ್ಚಿ ಕೂರುವಂತಿಲ್ಲ, ಏಕೆಂದರೆ ತಿಂದು ಮುಗಿಸುವ ವೇಳೆಗೆ ಗಿಡ ಅನೇಕ ವೇಳೆ ಹೂ ಬಿಟ್ಟಿರುತ್ತದೆ. ಖಾಲಿ ನಿವೇಶನಗಳಲ್ಲಿ ಕಿತ್ತ ಮೇಲೆ ಚಗಟೆ ಅಥವಾ ಚೆಂಡು ಹೂವಿನ ಬೀಜ ಎರಚಿದರೆ ಪಾರ್ಥೇನಿಯಂ ಮತ್ತೆ ತಲೆಯೆತ್ತುವುದು ಕಡಿಮೆಯಾಗುತ್ತದೆ.

ತೆಂಗು, ಅಡಿಕೆ ಹಾಗೂ ಹಣ್ಣಿನ ತೋಟಗಳಲ್ಲಿ

ಇಲ್ಲಿ ಗುರಿ ಕಳೆಯ ನಿರ್ನಾಮವಲ್ಲ, ಹತೋಟಿ. ಮರದ ಬುಡದ ಪಾತಿಯನ್ನು ಮಾತ್ರ ಸ್ವಚ್ಛವಾಗಿಟ್ಟು ಹೊದಿಕೆ ಹಾಕಿ, ಸಾಲುಗಳ ನಡುವಿನ ಹುಲ್ಲನ್ನು ವರ್ಷಕ್ಕೆ ಎರಡು ಮೂರು ಬಾರಿ ಯಂತ್ರದಿಂದ ಕತ್ತರಿಸಿ ಅಲ್ಲಿಯೇ ಬಿಟ್ಟರೆ ಸಾಕು. ಇಳಿಜಾರಿನ ಜಮೀನುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲಿನ ಬೇರುಗಳೇ ಮಣ್ಣನ್ನು ಹಿಡಿದಿಟ್ಟಿರುತ್ತವೆ. ಕಳೆನಾಶಕದಿಂದ ಬೋಳಾದ ಇಳಿಜಾರಿನ ಮೇಲ್ಮಣ್ಣು ಒಂದೇ ಮಳೆಗಾಲದಲ್ಲಿ ಹಳ್ಳ ಸೇರಬಹುದು. ಎಳೆಯ ತೋಟಗಳಲ್ಲಿ ಮುಂಗಾರಿನ ಮೊದಲ ಮಳೆಗೆ ಅಲಸಂದೆ, ಹುರುಳಿ, ಸೆಣಬು ಅಥವಾ ಡಯಂಚವನ್ನು ಬಿತ್ತಿ, ಹೂ ಬಿಡುವ ಹಂತದಲ್ಲಿ ಕತ್ತರಿಸಿ ಹಾಸುವುದರಿಂದ ಸಾರಜನಕವೂ ದೊರೆಯುತ್ತದೆ. ವೆಲ್ವೆಟ್ ಬೀನ್ಸ್‌ನಂತಹ ಬಳ್ಳಿ ಬೆಳೆ ಕಳೆಯನ್ನು ಚೆನ್ನಾಗಿ ಅಡಗಿಸುತ್ತದಾದರೂ ಸಸಿಗಳಿಗೂ ಹಬ್ಬುವುದರಿಂದ ಆಗಾಗ್ಗೆ ಬಿಡಿಸುತ್ತಿರಬೇಕು.

ಉಪ್ಪು, ಸೀಮೆಎಣ್ಣೆ ಇತ್ಯಾದಿ

ರಾಸಾಯನಿಕ ಬೇಡವೆಂದು ಕೆಲವರು ಕಲ್ಲುಪ್ಪು, ಸೀಮೆಎಣ್ಣೆ, ವಾಹನದ ಹಳೆಯ ಆಯಿಲ್ ಸುರಿಯುವುದುಂಟು. ಇವು ಕಳೆನಾಶಕಕ್ಕಿಂತ ಒಳ್ಳೆಯವಲ್ಲ. ಉಪ್ಪು ಮಣ್ಣಿನಲ್ಲಿ ಉಳಿದು ಮುಂದಿನ ಬೆಳೆಯನ್ನೂ ಹಾಳುಮಾಡುತ್ತದೆ. ಎಣ್ಣೆಯು ಮಣ್ಣು ಮತ್ತು ಅಂತರ್ಜಲವನ್ನು ಕೆಡಿಸುತ್ತದೆ. ವಿನೆಗರ್ ಎಳೆಯ ಎಲೆಗಳನ್ನು ಸುಡುತ್ತದೆಯೇ ವಿನಾ ಬೇರನ್ನು ಕೊಲ್ಲುವುದಿಲ್ಲ. ಅಂಗಳದ ಕಲ್ಲು ಹಾಸಿನ ಸಂದುಗಳಿಗೆ ಕುದಿಯುವ ನೀರನ್ನು ಎಚ್ಚರಿಕೆಯಿಂದ ಸುರಿದರೆ ಸಾಕಾಗುತ್ತದೆ.

ಅಡುಗೆಗೆ ಒದಗುವ ಕಳೆಗಳು

ಕೋಲಾರ, ತುಮಕೂರು, ಮಂಡ್ಯ ಭಾಗಗಳಲ್ಲಿ ಮಳೆಗಾಲದ ಬೆರಕೆ ಸೊಪ್ಪಿನ ಸಾರು ಕಳೆಗಳಿಂದಲೇ ಆಗುವ ಅಡುಗೆ. ಅಣ್ಣೆ, ಗೋಣಿ, ಹೊನಗೊನ್ನೆ, ಗಣಿಕೆ, ಕೀರೆ ಇವೆಲ್ಲ ಬಿತ್ತದೆ ಬೆಳೆಯುವ ಸೊಪ್ಪುಗಳು. ಎಳೆಯದಿದ್ದಾಗ ಕೊಯ್ದರೆ ಅಡುಗೆಯೂ ಆಯಿತು, ಕಳೆಯೂ ಹೋಯಿತು. ಬದುಗಳಿಗೆ ಕಳೆನಾಶಕ ಬಂದ ಊರುಗಳಲ್ಲಿ ಈ ಸೊಪ್ಪು ಕೀಳುವುದು ಅಪಾಯಕರವಾಗಿದೆ. ಸಿಂಪಡಣೆಯಾಗಿರುವ ಬದು ಅಥವಾ ರಸ್ತೆ ಬದಿಯಿಂದ, ಹಾಗೂ ಖಚಿತವಾಗಿ ಗುರುತು ಹಿಡಿಯಲಾಗದ ಗಿಡಗಳಿಂದ ಸೊಪ್ಪನ್ನು ತರಬಾರದು.

ಸೌಲಭ್ಯಗಳನ್ನು ಪಡೆಯುವ ಕ್ರಮ

ಪ್ಲಾಸ್ಟಿಕ್ ಹೊದಿಕೆ, ಹನಿ ನೀರಾವರಿ ಹಾಗೂ ಹುಲ್ಲು ಕತ್ತರಿಸುವ ಯಂತ್ರಗಳಿಗೆ ವಿವಿಧ ಯೋಜನೆಗಳಡಿ ಸಹಾಯಧನ ನೀಡಲಾಗುತ್ತದೆ. ಸಹಾಯಧನದ ಪ್ರಮಾಣ ಮತ್ತು ವಿಸ್ತೀರ್ಣದ ಮಿತಿಯು ಆಯಾ ವರ್ಷದ ಮಾರ್ಗಸೂಚಿ ಹಾಗೂ ಅನುದಾನದ ಲಭ್ಯತೆಗೆ ಒಳಪಟ್ಟಿರುವುದರಿಂದ, ಅರ್ಜಿದಾರರು ಸಾಮಗ್ರಿ ಖರೀದಿಸುವ ಮೊದಲೇ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಪಹಣಿ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳು ಹಾಗೂ ಫ್ರೂಟ್ಸ್ ನೋಂದಣಿ ಸಂಖ್ಯೆಯನ್ನು ಸಿದ್ಧವಾಗಿಟ್ಟುಕೊಳ್ಳುವುದು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಅರ್ಜಿದಾರರು ಜಾತಿ ಪ್ರಮಾಣಪತ್ರವನ್ನೂ ಲಗತ್ತಿಸುವುದು.

ಸಾವಯವ ಪ್ರಮಾಣೀಕರಣ ಪಡೆಯಲು ಇಚ್ಛಿಸುವವರು ಗಮನಿಸಬೇಕಾದ ಅಂಶವೊಂದಿದೆ. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಮಾನದಂಡದಂತೆ ಪರಿವರ್ತನಾ ಅವಧಿಯು ಸಾಮಾನ್ಯವಾಗಿ ವಾರ್ಷಿಕ ಬೆಳೆಗಳಿಗೆ ಎರಡು ವರ್ಷ, ಬಹುವಾರ್ಷಿಕ ಬೆಳೆಗಳಿಗೆ ಮೂರು ವರ್ಷ ಇರುತ್ತದೆ. ಈ ನಡುವೆ ಬದುವಿಗೆ ಒಮ್ಮೆ ಕಳೆನಾಶಕ ಹೊಡೆದರೂ ಕಳೆದ ಅವಧಿ ನಿಷ್ಫಲವಾಗಬಹುದು. ನೆರೆಯ ಜಮೀನಿನಿಂದ ಸಿಂಪಡಣೆ ತೇಲಿ ಬರದಂತೆ ಗಡಿಯಲ್ಲಿ ಜೀವಂತ ಬೇಲಿ ಹಾಗೂ ಖಾಲಿ ಪಟ್ಟಿಯನ್ನು ಬಿಡುವುದು ಅವಶ್ಯ. ಅರ್ಜಿ ಹಾಗೂ ಶುಲ್ಕದ ವಿವರಗಳು ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯಲ್ಲಿ ದೊರೆಯುತ್ತವೆ.

ಕಳೆ ಗುರುತಿಸಲು ನೆರವು ಬೇಕಾದವರು ಗಿಡದ ಮಾದರಿಯನ್ನು ಬೇರು ಸಹಿತ, ಸಾಧ್ಯವಾದರೆ ಹೂವಿನೊಡನೆ, ಕಾಗದದಲ್ಲಿ ಸುತ್ತಿ ಜಿಲ್ಲಾ ಹಾರ್ಟಿ ಕ್ಲಿನಿಕ್ ಅಥವಾ ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ತರಬಹುದು. ದೂರವಾಣಿ ಮೂಲಕ ಕನ್ನಡದಲ್ಲಿ ಸಲಹೆ ಪಡೆಯಲು ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ಸಂಖ್ಯೆ 1800-180-1551ಕ್ಕೆ ಕರೆ ಮಾಡಬಹುದಾಗಿದೆ.